ಕಪ್ಪುಕುಳಿಯೂ ನನ್ನ ಬಹುಮಾನದ ಭಾಷಣವೂ

ಕಳೆದ ವರ್ಷದ ಚರ್ಚಾಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನ ಪಡೆದವನು ನಾನು. ಇದನ್ನು ಆತ್ಮಪ್ರಶಂಸೆಗಾಗಿ ಹೇಳುತ್ತಿಲ್ಲ. ಆ ಬಹುಮಾನಕ್ಕೆ ನಾನು ಅರ್ಹನಾಗಿರಲಿಲ್ಲವೆಂದು ಹೇಳಲು ಬೇರೆ ದಾರಿಯಿಲ್ಲದುದರಿಂದ ಹೇಳುತ್ತಿದ್ದೇನೆ. ಅಂದಿನ ವಿಷಯ, "ದೂರದ ಆಕಾಶದ ಸಂಶೋಧನೆ ನಮ್ಮಂಥ ದೇಶಕ್ಕೆ ಸಲ್ಲದ ವಿಲಾಸ" ಎಂಬುದು. ನಾನು ಪರವಾಗಿ ಮಾತನಾಡಿದೆ. "ಕಾಣದ ಕುಳಿಗೆ ಕೋಟಿ, ಕಾಣುವ ಹೊಟ್ಟೆಗೆ ಕವಡೆ" ಎಂದು ಕೈಯೆತ್ತಿ ನುಡಿದಾಗ ಸಭಾಂಗಣದ ಹಿಂದಿನ ಬೆಂಚುಗಳಿಂದ ಬಂದ ಕರತಾಡನವನ್ನು ಇನ್ನೂ ಮರೆತಿಲ್ಲ. ೨೦೧೯ರಲ್ಲಿ ಪತ್ರಿಕೆಗಳಲ್ಲೆಲ್ಲ ಅಚ್ಚಾದ ಕಪ್ಪುಕುಳಿಯ ಚಿತ್ರವನ್ನು ಸೀದುಹೋದ ಉದ್ದಿನವಡೆಗೆ ಹೋಲಿಸಿದೆ. ಅದಕ್ಕೂ ಚಪ್ಪಾಳೆ ಬಂತು. ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿಯೂ ಪ್ರಶಸ್ತಿಪತ್ರವೂ ದೊರೆತವು.

ಸಭೆ ಮುಗಿದ ಮೇಲೆ, ತೀರ್ಪುಗಾರರಾಗಿದ್ದ ನಮ್ಮ ಚರಿತ್ರೆಯ ಉಪನ್ಯಾಸಕರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. "ಚೆನ್ನಾಗಿ ಮಾತಾಡಿದೆಯಪ್ಪಾ. ಆದರೆ ಕಣ್ಣಿಗೆ ಕಾಣದ್ದಕ್ಕೆ ಬೆಲೆಯಿಲ್ಲವೆಂದಾದರೆ ನಾಳೆಯಿಂದ ನಾನು ಕದಂಬರ ಪಾಠ ನಿಲ್ಲಿಸಲೋ? ಮಯೂರಶರ್ಮನನ್ನು ನಾನೂ ಕಂಡಿಲ್ಲ, ನೀನೂ ಕಂಡಿಲ್ಲ" ಎಂದರು. ನಕ್ಕು ನಮಸ್ಕಾರ ಮಾಡಿ ಬಂದುಬಿಟ್ಟೆ. ಆದರೆ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನಂತೆ ಉಳಿಯಿತು. ಬೇಸಿಗೆಯ ರಜೆಯಲ್ಲಿ, ನಾನು ಯಾವುದನ್ನು ಹೀಯಾಳಿಸಿದ್ದೆನೋ ಅದು ಏನೆಂದು ಓದಲು ಕುಳಿತೆ. ಹೀಯಾಳಿಸುವ ಮೊದಲೇ ಓದಬೇಕಿತ್ತೆಂದು ನೀವು ಹೇಳಿದರೆ ಮರುಮಾತಾಡಲಾರೆ.

ನನ್ನ ಮೊದಲನೆಯ ತಪ್ಪು ಇದು. ಕಪ್ಪುಕುಳಿಯೆಂದರೆ ಏನೂ ಕಾಣದ ಕತ್ತಲೆ, ಆದ್ದರಿಂದ ಅದನ್ನು ನೋಡಹೊರಡುವುದೇ ಹಾಸ್ಯಾಸ್ಪದ ಎಂದು ನಾನು ವಾದಿಸಿದ್ದೆ. ಕುಳಿಯಿಂದ ಬೆಳಕು ಹೊರಬರಲಾರದೆಂಬುದು ಸರಿಯೇ. ನಮ್ಮ ಸೂರ್ಯನನ್ನು ಹಿಸುಕಿ ಹಿಸುಕಿ ಮೂರು ಕಿಲೋಮೀಟರ್ ತ್ರಿಜ್ಯದ ಗೋಲಕ್ಕೆ ಇಳಿಸಿದರೆ ಅದು ಕಪ್ಪುಕುಳಿಯಾಗುತ್ತದೆ. ಆ ಎಲ್ಲೆಯ ಒಳಗಿನಿಂದ ಬೆಳಕಿನ ಒಂದು ಕಿಡಿಯೂ ಪಾರಾಗದು. ಆದರೆ ಎಲ್ಲೆಯ ಹೊರಗೆ ನಡೆಯುವುದೇ ಬೇರೆ. ಕುಳಿಯ ಸುತ್ತ ಅನಿಲವಿದ್ದರೆ ಅದು ನೇರವಾಗಿ ಬೀಳದೆ, ಬಾವಿಯ ಸುಳಿಯಂತೆ ಸುತ್ತುತ್ತ ತಟ್ಟೆಯಾಗಿ ಹರಡಿ, ಪದರ ಪದರಕ್ಕೆ ಉಜ್ಜಿಕೊಂಡು ಕಾಯುತ್ತದೆ. ಸೂರ್ಯನೊಳಗೆ ಜಲಜನಕವು ಹೀಲಿಯಂ ಆಗುವಾಗ ದ್ರವ್ಯದಲ್ಲಿ ಸಾವಿರಕ್ಕೆ ಏಳು ಪಾಲು ಮಾತ್ರ ಶಕ್ತಿಯಾಗಿ ಬದಲಾಗುತ್ತದೆ. ಕುಳಿಗೆ ಬೀಳುವ ದ್ರವ್ಯವೋ, ಬೀಳುವ ಮುನ್ನವೇ ನೂರಕ್ಕೆ ಆರು ಪಾಲನ್ನು ಶಕ್ತಿಯಾಗಿ ಹೊರಚೆಲ್ಲುತ್ತದೆ. ಕುಳಿಯು ಅತ್ಯಂತ ವೇಗವಾಗಿ ತಿರುಗುತ್ತಿದ್ದರೆ ಈ ಪಾಲು ನೂರಕ್ಕೆ ನಲವತ್ತರವರೆಗೂ ಏರಬಹುದು. ಅಂದಮೇಲೆ, ವಿಶ್ವದಲ್ಲಿ ಎಡೆಬಿಡದೆ ಉರಿಯುವ ದೀಪಗಳಲ್ಲಿ ಅತ್ಯಂತ ಪ್ರಖರವಾದುವು ಕಪ್ಪುಕುಳಿಗಳ ಹೊಸ್ತಿಲಲ್ಲಿಯೇ ಇವೆ. ಕತ್ತಲೆಯೆಂದು ನಾನು ಯಾವುದನ್ನು ಅಣಕಿಸಿದೆನೋ ಅದು ಜ್ವಾಲೆಯಾಗಿತ್ತು.

ಇದು ಒಂದು ದಿನದಲ್ಲಿ ಹೊಳೆದ ಸಂಗತಿಯಲ್ಲ. ೧೯೪೩ರಲ್ಲಿ ಕಾರ್ಲ್ ಸೇಫರ್ಟ್ ಎಂಬ ಅಮೆರಿಕದ ವಿಜ್ಞಾನಿ, ಕೆಲವು ಗೆಲಾಕ್ಸಿಗಳ ನಡುವಿನ ಚುಕ್ಕೆ ಮಾತ್ರ ವಿಪರೀತ ಬೆಳಗುತ್ತದೆಂದೂ ಅಲ್ಲಿಯ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆಂದೂ ಬರೆದರು. ೧೯೬೩ರಲ್ಲಿ ಮಾರ್ಟೆನ್ ಸ್ಮಿಟ್ ಅವರು, ನಕ್ಷತ್ರದಂತೆಯೇ ತೋರುತ್ತಿದ್ದ ೩ಸಿ ೨೭೩ ಎಂಬ ಚುಕ್ಕೆ ನಕ್ಷತ್ರವೇ ಅಲ್ಲ, ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇರುವ ಕ್ವೇಸಾರ್ ಎಂದು ಅದರ ರೋಹಿತದಿಂದ ಕಂಡುಹಿಡಿದರು. ಅಷ್ಟು ದೂರದಿಂದ ಅಷ್ಟು ಬೆಳಕು ಬರಬೇಕಾದರೆ ಅಲ್ಲಿ ಇಡೀ ಗೆಲಾಕ್ಸಿಯನ್ನೇ ಮೀರಿಸುವ ಕಾಂತಿಯಿರಬೇಕು. ಮರುವರ್ಷವೇ ಅಮೆರಿಕದಲ್ಲಿ ಸಾಲ್ಪೀಟರ್, ರಷ್ಯದಲ್ಲಿ ಜೆಲ್ಡೋವಿಚ್ ಇಬ್ಬರೂ ಬೇರೆಬೇರೆಯಾಗಿ, ಈ ಶಕ್ತಿಗೆ ಮೂಲ ಬೃಹತ್ ಕುಳಿಯೊಳಗೆ ಬೀಳುತ್ತಿರುವ ದ್ರವ್ಯವಿರಬೇಕೆಂದರು.

ಅಲ್ಲಿರುವುದು ದೊಡ್ಡದೊಂದು ನಕ್ಷತ್ರರಾಶಿಯೇಕಾಗಿರಬಾರದು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರವನ್ನು ನಮ್ಮೂರ ತೇರಿನ ಮೆರವಣಿಗೆಯಿಂದ ತಿಳಿದುಕೊಂಡೆ. ಮುಂದಿನವರು ನಿಂತರೆಂಬುದು ಹಿಂದಿನವರಿಗೆ ತಿಳಿಯಲು ಹೊತ್ತು ಬೇಕು. ಇಡೀ ಮೆರವಣಿಗೆ ಒಂದೇ ನಿಮಿಷದಲ್ಲಿ ನಿಂತು ಮತ್ತೆ ಹೊರಟಿತೆಂದರೆ ಅದು ಮೈಲುದ್ದದ ಮೆರವಣಿಗೆಯಾಗಿರಲಾರದು. ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಓಡದು. ಸಕ್ರಿಯ ಗೆಲಾಕ್ಸಿಗಳ ಕೇಂದ್ರದಿಂದ ಬರುವ ಕ್ಷ-ಕಿರಣಗಳು ಗಂಟೆಗಳಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗನೆ, ಏರಿಳಿಯುತ್ತವೆ. ಒಂದು ಗಂಟೆಯಲ್ಲಿ ಬೆಳಕು ಹೋಗುವುದು ನೂರೆಂಟು ಕೋಟಿ ಕಿಲೋಮೀಟರ್. ಸೂರ್ಯನಿಂದ ಗುರುಗ್ರಹಕ್ಕಿರುವ ದೂರಕ್ಕಿಂತ ಹೆಚ್ಚು. ಅಷ್ಟು ಕಿರಿದಾದ ಅಂಗಳದಲ್ಲಿ ಕೋಟ್ಯಂತರ ಸೂರ್ಯರಿಗಿಂತ ಮಿಗಿಲಾದ ಕಾಂತಿ! ಅಲ್ಲಿ ನಕ್ಷತ್ರಗಳನ್ನು ತುರುಕಲು ಎಡೆಯೇ ಇಲ್ಲ.

ಇನ್ನು ಕ್ಷ-ಕಿರಣಗಳೇ ಏಕೆ? ಆಸ್ಪತ್ರೆಯಲ್ಲಿ ಮುರಿದ ಮೂಳೆಯನ್ನು ತೋರಿಸುವ ಕಿರಣಗಳೇ ಇವು. ಮಾಂಸವನ್ನು ದಾಟಿ ಬರುವಂತೆಯೇ ಗೆಲಾಕ್ಸಿಯ ಕೇಂದ್ರವನ್ನು ಕವಿದಿರುವ ಧೂಳು, ಅನಿಲಗಳನ್ನೂ ಬಹುಮಟ್ಟಿಗೆ ದಾಟಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವು ಹುಟ್ಟುವುದೇ ಕುಳಿಯ ತೀರ ಸಮೀಪದಲ್ಲಿ. ತಟ್ಟೆಯ ಮೇಲೆ ಕೋಟ್ಯಂತರ ಡಿಗ್ರಿ ಕಾದ ತೆಳುವಾದ ಪ್ರಭಾವಳಿಯೊಂದು ಇರುತ್ತದೆ. ತಟ್ಟೆಯ ಬೆಳಕು ಅದರಲ್ಲಿ ಹಾಯುವಾಗ ಎಲೆಕ್ಟ್ರಾನುಗಳ ಪೆಟ್ಟು ತಿಂದು ಕ್ಷ-ಕಿರಣವಾಗುತ್ತದೆ. ಆದರೆ ಒಂದು ತೊಡಕಿದೆ. ನಮ್ಮ ವಾಯುಮಂಡಲ ಈ ಕಿರಣಗಳನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ನುಂಗದಿದ್ದರೆ ನಾವು ಬದುಕಿರುತ್ತಿರಲಿಲ್ಲ, ಆ ಮಾತು ಬೇರೆ. ಆದ್ದರಿಂದ ಬೆಟ್ಟದ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಪ್ರಯೋಜನವಿಲ್ಲ. ಗಾಳಿಯನ್ನು ದಾಟಿ ಮೇಲೆ ಹೋಗಬೇಕು.

ಹೋದವರ ಕಥೆ ಸ್ವಾರಸ್ಯವಾಗಿದೆ. ೧೯೬೨ರ ಜೂನ್ ೧೮ರಂದು ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೋದಿಂದ ಒಂದು ಪುಟ್ಟ ರಾಕೆಟ್ ಹಾರಿಸಿದರು. ಹುಡುಕಹೊರಟದ್ದು ಚಂದ್ರನಿಂದ ಬರುವ ಕ್ಷ-ಕಿರಣಗಳನ್ನು. ನೋಡಲು ಸಿಕ್ಕ ಕಾಲ ಐದಾರು ನಿಮಿಷ. ಚಂದ್ರನ ಕಿರಣಗಳು ಸಿಕ್ಕಲಿಲ್ಲ; ವೃಶ್ಚಿಕ ರಾಶಿಯ ದಿಕ್ಕಿನಿಂದ ಯಾರೂ ನಿರೀಕ್ಷಿಸದಷ್ಟು ಪ್ರಬಲವಾದ ಕಿರಣಗಳು ಸಿಕ್ಕವು. ಜೊತೆಗೆ ಇಡೀ ಆಕಾಶದಿಂದಲೂ ಮಂದವಾದ ಒಂದು ಕ್ಷ-ಕಿರಣ ಪ್ರಭೆ ಬರುತ್ತಿರುವುದು ತಿಳಿಯಿತು. ಜಕೋನಿಯವರಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಕ ಬಂತು. ೧೯೭೦ರ ಡಿಸೆಂಬರ್ ೧೨ರಂದು, ಕೀನ್ಯದ ಸ್ವಾತಂತ್ರ್ಯ ದಿನ, ಆ ದೇಶದ ಕರಾವಳಿಯಾಚೆಯ ಕಟ್ಟೆಯಿಂದ ಮೇಲೇರಿದ ಉಪಗ್ರಹಕ್ಕೆ 'ಉಹುರು' ಎಂದು ಹೆಸರಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಸ್ವಾತಂತ್ರ್ಯವೆಂದು ಅರ್ಥ. ಆಕಾಶದ ಮೊದಲ ಕ್ಷ-ಕಿರಣ ಪಟ್ಟಿ ಅದರಿಂದಲೇ ಆಯಿತು. ಅದರಲ್ಲಿ ಸಕ್ರಿಯ ಗೆಲಾಕ್ಸಿಗಳೂ ಇದ್ದವು.

ಈ ಕಿರಣಗಳಿಗೆ ಕನ್ನಡಿ ಹಿಡಿಯುವುದೂ ಸುಲಭವಲ್ಲ. ನೇರವಾಗಿ ಬಡಿದರೆ ಅವು ಕನ್ನಡಿಯೊಳಗೇ ಹೂತುಹೋಗುತ್ತವೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಹೇಗೆ ಮುಳುಗದೆ ಚಿಮ್ಮುತ್ತದೆಯೋ ಹಾಗೆ, ಕನ್ನಡಿಯನ್ನು ಸವರಿಕೊಂಡು ಹೋಗುವಂತೆ ಬಿಟ್ಟರೆ ಮಾತ್ರ ಚಿಮ್ಮುತ್ತವೆ. ಹಾಗಾಗಿ ಈ ದೂರದರ್ಶಕಗಳ ಕನ್ನಡಿಗಳು ಬೋಗುಣಿಯಂತಿರದೆ, ಒಂದರೊಳಗೊಂದು ಇಟ್ಟ ಕೊಳವೆಗಳಂತಿರುತ್ತವೆ. ೧೯೯೯ರ ಜುಲೈ ೨೩ರಂದು ಮೇಲೇರಿದ 'ಚಂದ್ರ' ಈ ಬಗೆಯ ಅತ್ಯುತ್ತಮ ದೂರದರ್ಶಕ. ಅದಕ್ಕೆ ಆ ಹೆಸರು ಬಂದದ್ದು ತಿಂಗಳ ಬೆಳಕಿನಿಂದಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಂದ. ೧೯೩೦ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ನಾವು ಬಿ.ಎ. ಓದುವ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು, ಮುದಿನಕ್ಷತ್ರಗಳಿಗೆ ಭಾರದ ಮಿತಿಯೊಂದು ಇದೆಯೆಂದು ಅವರು ಲೆಕ್ಕ ಹಾಕಿದ್ದರು. ೧೯೩೫ರಲ್ಲಿ ಲಂಡನ್ನಿನ ಸಭೆಯಲ್ಲಿ ಎಡಿಂಗ್ಟನ್ನರಂಥ ಹಿರಿಯರೇ ಅದನ್ನು ನಗೆಗೀಡು ಮಾಡಿದರು. ಹಿರಿಯರ ನಗೆಯೂ ತಪ್ಪಾಗಬಹುದು. ನಾನು ಹಿರಿಯನೂ ಅಲ್ಲ.

ಈಗ ನನ್ನ ಮನಸ್ಸನ್ನು ನಿಜವಾಗಿ ಬದಲಾಯಿಸಿದ ಸಂಗತಿಗೆ ಬರುತ್ತೇನೆ. ಅದು ಕಬ್ಬಿಣದ ಕಥೆ. ಕುಳಿಯ ಸುತ್ತಣ ತಟ್ಟೆಯಲ್ಲಿ ಇತರ ಧಾತುಗಳೊಂದಿಗೆ ಸ್ವಲ್ಪ ಕಬ್ಬಿಣವೂ ಇರುತ್ತದೆ. ನಮ್ಮ ಸೌದೆಕತ್ತಿಯಲ್ಲಿ, ರಕ್ತದಲ್ಲಿ ಇರುವಂಥದೇ ಕಬ್ಬಿಣ. ಅದರ ಮೇಲೆ ಕ್ಷ-ಕಿರಣ ಬಿದ್ದರೆ ಅದು ತನ್ನದೇ ಆದ ಒಂದು ನಿಶ್ಚಿತ ಬಣ್ಣದ ಕ್ಷ-ಕಿರಣವನ್ನು ಮರಳಿ ಸೂಸುತ್ತದೆ. ಅಳತೆಯಲ್ಲಿ ಹೇಳಬೇಕಾದರೆ ೬.೪ ಕಿಲೋ ಎಲೆಕ್ಟ್ರಾನ್ ವೋಲ್ಟ್. ಪ್ರಯೋಗಶಾಲೆಯಲ್ಲಿ ಅದು ಕಡ್ಡಿಯಂತೆ ನೆಟ್ಟಗಿನ ತೆಳು ಗೆರೆ. ಆದರೆ ಕುಳಿಯ ಪಕ್ಕದಲ್ಲಿ? ತಟ್ಟೆಯ ಒಂದು ಮಗ್ಗುಲು ನಮ್ಮ ಕಡೆಗೂ ಇನ್ನೊಂದು ನಮ್ಮಿಂದಾಚೆಗೂ ಧಾವಿಸುತ್ತಿರುವುದರಿಂದ ಗೆರೆ ಎರಡೂ ಕಡೆಗೆ ಎಳೆಯಲ್ಪಡುತ್ತದೆ. ಅದರ ಮೇಲೆ, ಐನ್‌ಸ್ಟೈನರು ಹೇಳಿದಂತೆ, ಗುರುತ್ವದ ಹಳ್ಳದಿಂದ ಹತ್ತಿಬರುವ ಬೆಳಕು ದಣಿಯುತ್ತದೆ, ಶಕ್ತಿಯನ್ನು ಕಳೆದುಕೊಂಡು ಕೆಂಪಿನತ್ತ ವಾಲುತ್ತದೆ. ಹಳ್ಳ ಆಳವಾದಷ್ಟೂ ದಣಿವು ಹೆಚ್ಚು. ಹೀಗೆ, ಗೆರೆ ಎಷ್ಟು ವಿಕಾರವಾಗಿದೆಯೋ ಅದರಿಂದ ಆ ಕಬ್ಬಿಣ ಕುಳಿಗೆ ಎಷ್ಟು ಹತ್ತಿರವಿದೆಯೆಂದು ಓದಬಹುದು. ತಿರುಗುವ ಕುಳಿಯ ಸುತ್ತ ತಟ್ಟೆ ಇನ್ನೂ ಒಳಕ್ಕೆ ಚಾಚಬಲ್ಲುದಾದ್ದರಿಂದ, ಕುಳಿ ಎಷ್ಟು ವೇಗವಾಗಿ ತಿರುಗುತ್ತಿದೆಯೆಂಬುದನ್ನೂ ಅದರಿಂದಲೇ ಊಹಿಸಬಹುದು.

೧೯೯೫ರಲ್ಲಿ ತನಾಕಾ ಮತ್ತು ಸಂಗಡಿಗರು, ಜಪಾನಿನ 'ಆಸ್ಕಾ' ಉಪಗ್ರಹದಿಂದ ನಾಲ್ಕು ದಿನಕ್ಕೂ ಮಿಕ್ಕಿ ಒಂದೇ ಗೆಲಾಕ್ಸಿಯನ್ನು ನೋಡಿ ಪಡೆದ ಫಲವನ್ನು ಪ್ರಕಟಿಸಿದರು. ಗೆಲಾಕ್ಸಿಯ ಹೆಸರು ಎಂ.ಸಿ.ಜಿ.-೬-೩೦-೧೫, ಹೆಸರು ಲಾರಿಯ ನಂಬರಿನಂತಿದ್ದರೂ ಅದು ಮಾಡಿದ ಉಪಕಾರ ದೊಡ್ಡದು. ಸುಮಾರು ಹನ್ನೆರಡು ಕೋಟಿ ಜ್ಯೋತಿರ್ವರ್ಷಗಳಾಚೆಯ ಆ ಕಬ್ಬಿಣದ ಗೆರೆ ನೆಟ್ಟಗಿರಲಿಲ್ಲ. ಕೆಳಗಿನ ಶಕ್ತಿಯ ಕಡೆಗೆ ಉದ್ದವಾದ ಬಾಲ ಬಿಟ್ಟುಕೊಂಡಿತ್ತು. ಅದರ ಅಗಲ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕಿಲೋಮೀಟರ್ ವೇಗವನ್ನು, ಎಂದರೆ ಬೆಳಕಿನ ವೇಗದ ಮೂರನೆಯ ಒಂದು ಪಾಲನ್ನು, ಸೂಚಿಸುತ್ತಿತ್ತು. ಇದನ್ನು ಓದಿದ ರಾತ್ರಿ ನಾನು ಅಂಗಳದಲ್ಲಿ ಮಲಗಿದ್ದೆ. ಬಾಗಿಲ ಚಿಲಕದ ಕಬ್ಬಿಣವೇ ಅಲ್ಲಿಂದ, ಹನ್ನೆರಡು ಕೋಟಿ ವರ್ಷಗಳ ಹಿಂದೆ, ಕಾಗದ ಬರೆದಂತಾಯಿತಲ್ಲ ಎಂದುಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ಪವಾಡದ ಕಥೆ ಕೇಳಿದಂತಾಗುತ್ತಿತ್ತು. ಆದರೆ ಜಗಳ ಹತ್ತಿತು. ಕೇಂಬ್ರಿಜಿನ ಆಂಡ್ರ್ಯೂ ಫೇಬಿಯನ್ ಮೊದಲಾದವರು, ಇದು ತಟ್ಟೆಯಿಂದ ಪ್ರತಿಫಲಿಸಿದ ಬೆಳಕೇ ಎಂದರು. ಇನ್ನು ಕೆಲವರು, ಹಾಗೇಕೆ? ಕುಳಿಯಿಂದ ದೂರದಲ್ಲಿ ಅಲ್ಲಲ್ಲಿ ತೇಲುವ ಅನಿಲದ ಮೋಡಗಳು ಬೆಳಕನ್ನು ಭಾಗಶಃ ತಡೆದರೂ ರೋಹಿತ ಇದೇ ರೀತಿ ಬಾಗಿದಂತೆ ಕಾಣುವುದಲ್ಲವೇ ಎಂದು ಕೇಳಿದರು. ಒಂದೇ ಗೆರೆಗೆ ಎರಡು ಪಾಠ. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದು ಹೊಸದೇನಲ್ಲ. ಸವೆದ ಶಾಸನದಲ್ಲಿ ಒಂದಕ್ಷರವನ್ನು ಒಬ್ಬ ವಿದ್ವಾಂಸರು ಒಂದಾಗಿ ಓದಿದರೆ ಇನ್ನೊಬ್ಬರು ಮತ್ತೊಂದಾಗಿ ಓದುತ್ತಾರೆ. ಅರಸನ ಕಾಲವೇ ಹೆಚ್ಚುಕಡಿಮೆಯಾಗುತ್ತದೆ. ಆಗ ಮಾಡಬೇಕಾದ್ದು ಕೂಗಾಟವಲ್ಲ, ಇನ್ನೊಂದು ಶಾಸನವನ್ನು ಹುಡುಕುವುದು.

ಅವರೂ ಅದನ್ನೇ ಮಾಡಿದರು. ೨೦೧೨ರಲ್ಲಿ ಹಾರಿದ 'ನೂಸ್ಟಾರ್' ಹಿಂದಿನವುಗಳಿಗಿಂತ ಬಹಳ ಹೆಚ್ಚು ಶಕ್ತಿಯ ಕ್ಷ-ಕಿರಣಗಳನ್ನು ಒಂದೆಡೆ ಕೂಡಿಸಿ ನೋಡಬಲ್ಲುದು. ಎರಡು ಪಾಠಗಳೂ ಕಬ್ಬಿಣದ ಗೆರೆಯ ಬಳಿ ಒಂದೇ ರೀತಿ ಕಂಡರೂ ಆ ಮೇಲಿನ ಶಕ್ತಿಗಳಲ್ಲಿ ಬೇರೆಯಾಗಬೇಕು. ಸುಮಾರು ಆರು ಕೋಟಿ ಜ್ಯೋತಿರ್ವರ್ಷ ದೂರದ ಎನ್.ಜಿ.ಸಿ. ೧೩೬೫ ಎಂಬ ಗೆಲಾಕ್ಸಿಯನ್ನು ನೂಸ್ಟಾರ್ ಮತ್ತು ಐರೋಪ್ಯರ 'ಎಕ್ಸ್‌ಎಂಎಂ-ನ್ಯೂಟನ್' ಎರಡೂ ಏಕಕಾಲಕ್ಕೆ ನೋಡಿದವು. ೨೦೧೩ರಲ್ಲಿ ರಿಸಾಲಿಟಿ ಮತ್ತು ಸಂಗಡಿಗರು, ಬರಿಯ ಮೋಡಗಳ ಪಾಠ ಹೊಂದುವುದಿಲ್ಲ, ಕುಳಿ ಅತಿ ವೇಗವಾಗಿ ತಿರುಗುತ್ತಿದೆ ಎಂದು ಬರೆದರು. ಇದಕ್ಕೂ ಮೊದಲು ೨೦೦೯ರಲ್ಲಿ ಇನ್ನೊಂದು ಬಗೆಯ ಸಾಕ್ಷ್ಯ ಬಂದಿತ್ತು. ಗೋಲಗುಂಬಜದಲ್ಲಿ ಕೂಗಿದರೆ ದನಿ ಗೋಡೆಗೆ ತಾಗಿ ತುಸು ತಡವಾಗಿ ಮರಳುತ್ತದೆಯಲ್ಲವೇ? ತಡವಾದ ಹೊತ್ತಿನಿಂದ ಗೋಡೆಯ ದೂರವನ್ನು ಅಳೆಯಬಹುದು. ಐವತ್ತು ಕೋಟಿ ಜ್ಯೋತಿರ್ವರ್ಷಗಳಿಗೂ ದೂರದ ೧ಎಚ್ ೦೭೦೭-೪೯೫ ಎಂಬ ಗೆಲಾಕ್ಸಿಯಲ್ಲಿ, ಪ್ರಭಾವಳಿಯ ಬೆಳಕು ಮಿಡಿದ ಸುಮಾರು ಮೂವತ್ತು ಸೆಕೆಂಡಿನ ಮೇಲೆ ಪ್ರತಿಫಲನದ ಬೆಳಕು ಮಿಡಿಯುವುದನ್ನು ಫೇಬಿಯನ್ನರ ತಂಡ ಗುರುತಿಸಿತು. ಮೂವತ್ತು ಸೆಕೆಂಡಿನಲ್ಲಿ ಬೆಳಕು ಹೋಗುವುದು ತೊಂಬತ್ತು ಲಕ್ಷ ಕಿಲೋಮೀಟರ್. ಕೆಲವು ದಶಲಕ್ಷ ಸೂರ್ಯರಷ್ಟು ಭಾರದ ಕುಳಿಗೆ ಅದು ಹೊಸ್ತಿಲಿನ ಅಳತೆಯೇ.

ನನ್ನ ಅಲ್ಪಮತಿಗೆ ಪ್ರತಿಫಲನದ ಪಕ್ಷವೇ ಬಲವಾಗಿ ತೋರುತ್ತದೆ. ಎರಡು ಬೇರೆ ಸಾಕ್ಷಿಗಳು ಒಂದೇ ಮಾತು ಹೇಳುವಾಗ ನಂಬಬೇಕಾಗುತ್ತದೆ. ಆದರೆ ಮೋಡದವರೂ ಸುಮ್ಮನೆ ಸೋತವರಲ್ಲ. ಎನ್.ಜಿ.ಸಿ. ೧೩೬೫ರಲ್ಲಿಯೇ ಮೋಡಗಳು ಕೇಂದ್ರದ ಮುಂದೆ ಹಾದುಹೋಗುವುದು ನಿಶ್ಚಯವಾಗಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಹಾರಿದ ಜಪಾನಿನ 'ಕ್ರಿಸಮ್' ಉಪಗ್ರಹ ಎನ್.ಜಿ.ಸಿ. ೪೧೫೧ರ ಕಬ್ಬಿಣದ ಗೆರೆಯನ್ನು ಹಿಂದೆಂದೂ ಇಲ್ಲದ ಸೂಕ್ಷ್ಮತೆಯಿಂದ ಬಿಡಿಸಿ ನೋಡಿದಾಗ, ಅದು ಒಂದೇ ಗೆರೆಯಲ್ಲ, ತಟ್ಟೆಯಿಂದ, ಅದರಾಚೆಯ ಅನಿಲದಿಂದ, ಇನ್ನೂ ಹೊರಗಿನ ಉಂಗುರದಿಂದ ಬಂದ ಗೆರೆಗಳ ಹೆಣಿಗೆಯೆಂದು ಕಂಡಿತು. ವಿಜ್ಞಾನವೆಂದರೆ ಗೈಡಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಉತ್ತರವೆಂದು ನಾನು ತಿಳಿದಿದ್ದೆ. ಅಂಥದ್ದಕ್ಕೆ ದುಡ್ಡು ಸುರಿಯುವುದೇಕೆಂದು ಕೇಳಿದ್ದೆ. ಇಷ್ಟು ಸಭ್ಯವಾದ, ಇಷ್ಟು ದೀರ್ಘವಾದ ಜಗಳವೊಂದು ನಡೆಯುತ್ತಿದೆಯೆಂದು ನನಗೆ ಯಾವ ತರಗತಿಯಲ್ಲಿಯೂ ಯಾರೂ ಹೇಳಿರಲಿಲ್ಲ.

ಕುಳಿಗಳ ಪರಿಣಾಮ ಅವುಗಳ ಅಂಗಳಕ್ಕಷ್ಟೇ ಸೀಮಿತವೂ ಅಲ್ಲ. ಸುಮಾರು ಇಪ್ಪತ್ತೈದು ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಗೆಲಾಕ್ಸಿ ಸಮೂಹದಲ್ಲಿ, ನಡುವಿನ ಕುಳಿಯ ಉಬ್ಬರದಿಂದ ಸುತ್ತಣ ಬಿಸಿ ಅನಿಲದಲ್ಲಿ ಅಲೆಗಳೆದ್ದಿರುವುದನ್ನು 'ಚಂದ್ರ' ೨೦೦೩ರಲ್ಲಿ ತೋರಿಸಿತು. ಅವು ಶಬ್ದದ ಅಲೆಗಳೇ. ಆದರೆ ಒಂದು ಅಲೆ ದಾಟಲು ಸುಮಾರು ತೊಂಬತ್ತಾರು ಲಕ್ಷ ವರ್ಷ ಬೇಕು. ಯಾವ ತಂಬೂರಿಗೂ ನಿಲುಕದ ಮಂದ್ರ! ಈ ಅಲೆಗಳು ಅನಿಲವನ್ನು ಆರಗೊಡದೆ ಹೊಸ ನಕ್ಷತ್ರಗಳ ಹುಟ್ಟನ್ನು ತಡೆಯುತ್ತವೆಂದು ಅನೇಕರು ಎಣಿಸುತ್ತಾರೆ. ಇನ್ನು ೧೯೬೨ರಲ್ಲಿ ಆಕಾಶದ ತುಂಬ ಕಂಡ ಆ ಮಂದಪ್ರಭೆ? ದೂರದಿಂದ ಜಾತ್ರೆಯ ಗದ್ದಲ ಒಂದೇ ಮೊರೆತವಾಗಿ ಕೇಳುತ್ತದೆ. ಹತ್ತಿರ ಹೋದರೆ ಒಬ್ಬೊಬ್ಬರ ದನಿ ಬೇರೆಯಾಗುತ್ತದೆ. 'ಚಂದ್ರ' ದಕ್ಷಿಣಾಕಾಶದ ಒಂದೇ ತುಣುಕನ್ನು, ಹುಣ್ಣಿಮೆಯ ಚಂದ್ರನಿಗಿಂತಲೂ ಚಿಕ್ಕದನ್ನು, ಒಟ್ಟು ಎಪ್ಪತ್ತು ಲಕ್ಷ ಸೆಕೆಂಡುಗಳ ಕಾಲ ದಿಟ್ಟಿಸಿತು. ಅಲ್ಲಿ ಸಾವಿರಕ್ಕೂ ಮಿಕ್ಕ ಚುಕ್ಕೆಗಳು ಮೂಡಿದವು. ಬಹುಪಾಲು ದೂರದ ಗೆಲಾಕ್ಸಿಗಳ ಕುಳಿಗಳೇ.

ಇರಲಿ. ಹೊಟ್ಟೆಯ ಪ್ರಶ್ನೆಗೆ ಬರದೆ ಈ ಲೇಖನ ಮುಗಿಸಿದರೆ ಅಪ್ರಾಮಾಣಿಕನಾಗುತ್ತೇನೆ. ಆ ಪ್ರಶ್ನೆ ಕ್ಷುಲ್ಲಕವಲ್ಲ. ಬೆಳಗಿನ ಬಸ್ಸಿಗೆ ಎದ್ದು, ಬರಿಯ ಚಹ ಕುಡಿದು ತರಗತಿಗೆ ಬರುವವರು ನಮ್ಮಲ್ಲಿ ಎಷ್ಟು ಮಂದಿಯೆಂದು ನನಗೆ ಗೊತ್ತು, ನಾನೂ ಅವರಲ್ಲೊಬ್ಬ. ಚರ್ಚೆಯಲ್ಲಿ ವಿರೋಧ ಪಕ್ಷದ ಗೆಳೆಯರು, ಈ ಸಂಶೋಧನೆಯಿಂದಲೇ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಪರೀಕ್ಷಿಸುವ ಯಂತ್ರ ಬಂತೆಂದು ವಾದಿಸಿದ್ದರು. ಅವರ ಪಕ್ಷಕ್ಕೆ ಸೇರಿದ ಮೇಲೂ ಆ ವಾದ ನನಗೆ ಹಿಡಿಸುವುದಿಲ್ಲ. ಪೆಟ್ಟಿಗೆಯ ಯಂತ್ರವೇ ಬೇಕಿದ್ದರೆ ನೇರವಾಗಿ ಅದನ್ನೇ ಮಾಡಬಹುದಿತ್ತು. ಹೂವಿನ ಗಿಡವನ್ನು ಸೌದೆಗಾಗಿ ಬೆಳೆಸಿದೆವೆಂದು ಸಮರ್ಥಿಸಿದಂತೆ ಅದು.

ನನ್ನ ಉತ್ತರ ಬೇರೆ. "ನಮ್ಮಂಥ ದೇಶಕ್ಕೆ ಸಲ್ಲದು" ಎಂಬ ಮಾತನ್ನು ಮೊದಲು ನಮಗೆ ಹೇಳಿದವರು ನಾವಲ್ಲ. ಅದನ್ನು ಅವರಿವರಿಂದ ಕೇಳಿ ಕಂಠಪಾಠ ಮಾಡಿ ನಾನು ಬಹುಮಾನ ಹೊಡೆದೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಬಳ್ಳಾರಿಯಲ್ಲಿಯೂ ಅನಂತಪುರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿಯೂ ಓದಿದ ಯು. ಆರ್. ರಾಯರು ಆ ಮಾತನ್ನು ಒಪ್ಪಲಿಲ್ಲ. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 'ಆರ್ಯಭಟ' ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಷ್ಯದಿಂದ ಮೇಲೇರಿತು. ನಮ್ಮ ದೇಶದ ಆ ಮೊಟ್ಟಮೊದಲ ಉಪಗ್ರಹದಲ್ಲಿ ಏನಿತ್ತೆಂದು ಬಲ್ಲಿರಾ? ಕ್ಷ-ಕಿರಣ ಖಗೋಳದ ಉಪಕರಣವಿತ್ತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ ಸರಬರಾಜಿನ ತೊಂದರೆಯಿಂದ ಪ್ರಯೋಗಗಳು ನಿಂತುಹೋದವು. ನನ್ನ ಭಾಷಣದ ತರ್ಕದ ಪ್ರಕಾರ ಅಲ್ಲಿಗೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಜಪಾನೀಯರೂ ಬಿಡಲಿಲ್ಲ, ೨೦೧೬ರಲ್ಲಿ ಹಾರಿಸಿದ 'ಹಿಟೋಮಿ' ಕೆಲವೇ ವಾರಗಳಲ್ಲಿ ಆಕಾಶದಲ್ಲೇ ಒಡೆದುಹೋದಾಗ, ಅಳುತ್ತ ಕೂಡದೆ ಎಂಟು ವರ್ಷದೊಳಗೆ 'ಕ್ರಿಸಮ್' ಕಳಿಸಿದರು. ನಮ್ಮವರು ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟದಿಂದ 'ಆಸ್ಟ್ರೋಸ್ಯಾಟ್' ಹಾರಿಸಿದರು. ನೇರಳಾತೀತ ಬೆಳಕನ್ನೂ ಕ್ಷ-ಕಿರಣವನ್ನೂ ಒಟ್ಟಿಗೆ ನೋಡಬಲ್ಲ ಅದು ಸಕ್ರಿಯ ಗೆಲಾಕ್ಸಿಗಳಿಗೆ ಹೇಳಿಮಾಡಿಸಿದ್ದು. ತಟ್ಟೆ ಬೆಳಗುವುದು ಮೊದಲನೆಯದರಲ್ಲಿ, ಪ್ರಭಾವಳಿ ಎರಡನೆಯದರಲ್ಲಿ. ೨೦೨೪ರ ಜನವರಿ ಒಂದರಂದು ಹಾರಿದ 'ಎಕ್ಸ್‌ಪೋಸ್ಯಾಟ್'ನ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ನನ್ನನ್ನು ಹೆಚ್ಚು ನಾಚಿಸಿದ್ದು ಇನ್ನೊಂದು ಸಂಗತಿ. ಆಸ್ಟ್ರೋಸ್ಯಾಟಿನ ದಾಖಲೆಗಳು ಸೇರುವುದು ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ. ವೀಕ್ಷಣೆ ಮಾಡಿದವರ ಅವಧಿ ಮುಗಿದ ಮೇಲೆ ಅವು ಎಲ್ಲರಿಗೂ ಪುಕ್ಕಟೆ. ಹೆಸರು ನೋಂದಾಯಿಸಿಕೊಂಡರೆ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕುಳಿಗೆ ಸುರಿದ ಕೋಟಿಯ ಫಲ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಅದನ್ನು ಓದಲು ಬೇಕಾದ ಗಣಿತ ನಮಗೆ ಬಾರದು, ಅಷ್ಟೆ. ಕಲಾ ವಿಭಾಗಕ್ಕೆ ಸೇರಿದ ದಿನವೇ ಗಣಿತಕ್ಕೆ ಎಳ್ಳುನೀರು ಬಿಟ್ಟೆವೆಂದು ನಾವು ಸಂತೋಷಪಟ್ಟೆವು. ಹಾಗಾದರೆ ತಪ್ಪು ಕೋಟಿಯದೋ ನಮ್ಮದೋ?

ಆದ್ದರಿಂದ ಚರ್ಚಾಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷ ಇದೇ ವಿಷಯವನ್ನು ಮತ್ತೆ ಇಡಿ. ನಾನು ವಿರೋಧವಾಗಿ ಮಾತನಾಡುತ್ತೇನೆ. ಪರವಾಗಿ ಮಾತನಾಡುವವರಿಗೆ ನನ್ನ ಹಳೆಯ ಭಾಷಣದ ಪ್ರತಿಯನ್ನು, ವಡೆಯ ಹೋಲಿಕೆಯೂ ಸೇರಿದಂತೆ, ಕೊಡಲು ಸಿದ್ಧನಿದ್ದೇನೆ. ಗ್ರಂಥಭಂಡಾರಕ್ಕೆ ಕನ್ನಡದಲ್ಲಿ ಬಂದಿರುವ ಖಗೋಳದ ಪುಸ್ತಕಗಳನ್ನು ತರಿಸಿಕೊಟ್ಟರೆ ಇನ್ನೂ ಉಪಕಾರ. ಪ್ರಶಸ್ತಿಪತ್ರವನ್ನು ಕಛೇರಿಗೆ ಹಿಂದಿರುಗಿಸಲು ಅಡ್ಡಿಯಿಲ್ಲ. ಸ್ಟೀಲ್ ಡಬ್ಬಿಯನ್ನು ಮಾತ್ರ ಕೊಡಲಾರೆ. ನಮ್ಮ ತಾಯಿ ಅದರಲ್ಲಿ ಆಗಲೇ ಮಾವಿನಮಿಡಿಯ ಉಪ್ಪಿನಕಾಯಿ ಹಾಕಿಬಿಟ್ಟಿದ್ದಾರೆ.